ಫ್ರೆಂಚಿನ ‘-ಆಜ್’ ಪ್ರತ್ಯಯ: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರೆಂಚ್ ಕಲಿಯುತ್ತಿರುವವರು ಮತ್ತು ಪದಗಳ ಹುಟ್ಟನ್ನು ಹುಡುಕುವ ಆಸಕ್ತರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಈ ಪ್ರತ್ಯಯವನ್ನು ಲಿಂಗ ಗುರುತಿಸುವ ಸೂತ್ರವೊಂದಕ್ಕೆ ಸೀಮಿತಗೊಳಿಸಿ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ತೆರಿಗೆ ವಸೂಲಿಯ ದಾಖಲೆಗಳಲ್ಲಿ ಬೆಳೆದು ಕೆಲಸಗಾರರ ಬಾಯಿಗೆ ಬಂದ ಈ ಪುಟ್ಟ ಪ್ರತ್ಯಯಕ್ಕೆ ಅದಕ್ಕಿಂತ ದೊಡ್ಡ ಚರಿತ್ರೆಯಿದೆ.

## ಮೊದಲ ಪರಿಚಯ

‘-ಆಜ್’ ಅಂದರೆ ಏನು? ಅದನ್ನು ಹೇಗೆ ಉಚ್ಚರಿಸಬೇಕು?

ಫ್ರೆಂಚಿನಲ್ಲಿ ನಾಮಪದಗಳನ್ನು ಕಟ್ಟುವ ಪ್ರತ್ಯಯ ಇದು. ಬರೆಯುವಾಗ ಎ, ಜಿ, ಇ ಎಂಬ ಮೂರು ರೋಮನ್ ಅಕ್ಷರಗಳು. ‘ಲವೇ’ ಎಂದರೆ ತೊಳೆ, ‘ಲವಾಜ್’ ಎಂದರೆ ತೊಳೆಯುವ ಕೆಲಸ. ‘ಫೆಯ್’ ಎಂದರೆ ಎಲೆ, ‘ಫೆಯಾಜ್’ ಎಂದರೆ ಮರದ ಒಟ್ಟು ಎಲೆಗಳು, ಸೊಪ್ಪುಸದೆ. ಕೊನೆಯ ಧ್ವನಿ ನಮ್ಮ ಜಕಾರ ಅಲ್ಲ. ಇಂಗ್ಲಿಷಿನ ‘ಪ್ಲೆಷರ್’ ಪದದ ನಡುವೆ ಕೇಳಿಬರುವ ಮೆತ್ತನೆಯ ಧ್ವನಿ ಅದು. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ, ಹಾಗಾಗಿ ಇಲ್ಲಿ ‘ಜ್’ ಎಂದೇ ಬರೆಯುತ್ತೇನೆ.

ಕನ್ನಡದ ಯಾವ ಪ್ರತ್ಯಯಕ್ಕೆ ಇದನ್ನು ಹೋಲಿಸಬಹುದು?

ಒಂದೇ ಒಂದಕ್ಕೆ ಹೋಲಿಸಲು ಆಗುವುದಿಲ್ಲ. ಕನ್ನಡ ವ್ಯಾಕರಣದಲ್ಲಿ ಧಾತುವಿಗೆ ಹತ್ತುವ ಕೃತ್ ಪ್ರತ್ಯಯ ಬೇರೆ, ನಾಮಪದಕ್ಕೆ ಹತ್ತುವ ತದ್ಧಿತ ಪ್ರತ್ಯಯ ಬೇರೆ. ‘ತೊಳೆಯುವಿಕೆ’, ‘ಕುಣಿತ’ ಇವು ಕೃದಂತಗಳು. ‘ಜಾಣತನ’, ‘ಮೀನುಗಾರಿಕೆ’ ಇವು ತದ್ಧಿತಾಂತಗಳು. ‘-ಆಜ್’ ಎರಡೂ ಕಡೆ ದುಡಿಯುತ್ತದೆ. ‘ಲವಾಜ್’ನಲ್ಲಿ ಅದು ಕೃತ್, ‘ಫೆಯಾಜ್’ನಲ್ಲಿ ತದ್ಧಿತ. ಮೊದಲು ತದ್ಧಿತವಾಗಿದ್ದದ್ದು ನಿಧಾನವಾಗಿ ಕೃತ್ ಆಯಿತು. ಇದರ ಸಾವಿರದೈನೂರು ವರ್ಷಗಳ ಕಥೆಯನ್ನು ಹೀಗೆ ಒಂದು ಸಾಲಿನಲ್ಲಿ ಹೇಳಿಬಿಡಬಹುದು.

‘-ಆಜ್’ನಿಂದ ಮುಗಿಯುವ ಪದಗಳೆಲ್ಲ ಪುಲ್ಲಿಂಗ ಎಂದು ಕಲಿತೆ. ಆದರೆ ‘ಇಮಾಜ್’, ‘ಪ್ಲಾಜ್’ ಸ್ತ್ರೀಲಿಂಗವಂತೆ?

ಸೂತ್ರ ಸರಿಯಾಗಿಯೇ ಇದೆ, ಅದನ್ನು ಹೇಳುವ ರೀತಿ ತಪ್ಪು. ಪ್ರತ್ಯಯ ಇರುವ ಪದಗಳು ಪುಲ್ಲಿಂಗ. ‘ಇಮಾಜ್’ (ಚಿತ್ರ), ‘ಪಾಜ್’ (ಪುಟ), ‘ಕಾಜ್’ (ಪಂಜರ), ‘ಪ್ಲಾಜ್’ (ಕಡಲತೀರ), ‘ರಾಜ್’ (ಉಗ್ರ ಕೋಪ, ಹುಚ್ಚುನಾಯಿ ರೋಗ), ‘ನಾಜ್’ (ಈಜು) ಇವುಗಳಲ್ಲಿ ಪ್ರತ್ಯಯವೇ ಇಲ್ಲ. ಅವು ಬೇರೆ ಬೇರೆ ದಾರಿಯಲ್ಲಿ ಬಂದು ಆ ಮೂರಕ್ಷರದಲ್ಲಿ ಮುಗಿದವು, ಅಷ್ಟೇ. ‘ಪಾಜ್’ ಲ್ಯಾಟಿನ್ನಿನ ‘ಪಾಗಿನಾ’ದಿಂದ, ‘ಕಾಜ್’ ‘ಕಾವೆಯಾ’ದಿಂದ, ‘ರಾಜ್’ ‘ರಾಬಿಯೆಸ್’ನಿಂದ ಬಂದವು, ‘ಪ್ಲಾಜ್’ ಇಟಾಲಿಯನ್ನಿನಿಂದ ಬಂತು. ಈ ಆರನ್ನು ಬಾಯಿಪಾಠ ಮಾಡಿಕೊಂಡರೆ ದಿನಬಳಕೆಗೆ ಸಾಕು.

ಪುಲ್ಲಿಂಗ ಯಾಕೆ ಎಂದರೆ, ಲ್ಯಾಟಿನ್ ಮೂಲ ‘-ಆತಿಕುಮ್’ ನಪುಂಸಕಲಿಂಗವಾಗಿತ್ತು. ಫ್ರೆಂಚ್ ನಪುಂಸಕಲಿಂಗವನ್ನು ಕಳೆದುಕೊಂಡಾಗ ಅಂಥ ಪದಗಳು ಬಹುತೇಕ ಪುಲ್ಲಿಂಗದಲ್ಲಿ ಸೇರಿಕೊಂಡವು.

ನೆನಪಿಗೆ ಒಂದು ಒಳ್ಳೆಯ ಆಸರೆಯಿದೆ. ಕಾಗೆ ಮತ್ತು ನರಿಯ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. 1668ರಲ್ಲಿ ಕವಿ ಲಾ ಫೊಂತೇನ್ ಅದನ್ನು ಫ್ರೆಂಚ್ ಪದ್ಯವಾಗಿ ಬರೆದಾಗ, ಮೊದಲ ಕೆಲವೇ ಸಾಲುಗಳಲ್ಲಿ ಕಾಗೆಯ ಕೊಕ್ಕಿನ ಗಿಣ್ಣು (ಚೀಸ್) ‘ಫ್ರೊಮಾಜ್’, ನರಿಯ ಮಾತು ‘ಲಾಂಗಾಜ್’, ಕಾಗೆಯ ಹಾಡು ‘ರಮಾಜ್’, ಗರಿಗಳ ಹೊದಿಕೆ ‘ಪ್ಲ್ಯುಮಾಜ್’ ಒಂದಕ್ಕೊಂದು ಪ್ರಾಸವಾಗಿ ಬರುತ್ತವೆ. ನಾಲ್ಕೂ ಪುಲ್ಲಿಂಗ, ನಾಲ್ಕೂ ನಿಜವಾದ ‘-ಆಜ್’ ಪದಗಳು.

ನಾವು ದಿನಾ ಆಡುವ ಲಗೇಜ್, ಡ್ರೈನೇಜ್, ಮೈಲೇಜ್ ಕೂಡ ಫ್ರೆಂಚೇ?

ಪ್ರತ್ಯಯ ಫ್ರೆಂಚ್, ಪದಗಳು ಇಂಗ್ಲಿಷಿನವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷಿಗೆ ರಾಶಿ ರಾಶಿಯಾಗಿ ಹರಿದವು. ವಿಲೇಜ್, ಮ್ಯಾರೇಜ್, ಮೆಸೇಜ್, ಡ್ಯಾಮೇಜ್ ಆ ಹರಿವಿನಲ್ಲಿ ಬಂದ ಅಪ್ಪಟ ಫ್ರೆಂಚ್ ಪದಗಳು. ಪದಗಳು ಸಾಕಷ್ಟು ಸೇರಿದಾಗ ಇಂಗ್ಲಿಷರು ಪ್ರತ್ಯಯವನ್ನೇ ಬಿಡಿಸಿಕೊಂಡು ತಮ್ಮ ಪದಗಳಿಗೂ ಹಚ್ಚತೊಡಗಿದರು. ‘ಲಗ್’ (ಎಳೆ) ಎಂಬುದಕ್ಕೆ ಸೇರಿ ಲಗೇಜ್, ‘ಡ್ರೈನ್’ಗೆ ಸೇರಿ ಡ್ರೈನೇಜ್, ‘ಮೈಲ್’ಗೆ ಸೇರಿ ಮೈಲೇಜ್ ಹುಟ್ಟಿದವು. ಪ್ಯಾಕೇಜ್, ಶಾರ್ಟೇಜ್, ಲೀಕೇಜ್ ಕೂಡ ಇದೇ ಜಾತಿಯವು.

ನಮ್ಮ ನೀರಾವರಿ ಸುದ್ದಿಗಳಲ್ಲಿ ಬರುವ ‘ಬ್ಯಾರೇಜ್’ ಮಾತ್ರ ತಡವಾಗಿ ಬಂದ ಫ್ರೆಂಚ್ ಪದ. ‘ಬಾರೇ’ ಎಂದರೆ ಅಡ್ಡಗಟ್ಟು. 19ನೇ ಶತಮಾನದಲ್ಲಿ ಫ್ರೆಂಚ್ ಎಂಜಿನಿಯರುಗಳು ನೈಲ್ ನದಿಯ ಮುಖಜಭೂಮಿಯಲ್ಲಿ ಕಟ್ಟಿಸಿದ ಗೇಟುಗಳ ಅಡ್ಡಗಟ್ಟೆಯ ಮೂಲಕ ಈ ಪದ ಇಂಗ್ಲಿಷ್ ಎಂಜಿನಿಯರುಗಳ ಬಾಯಿಗೆ ಬಂತು. ಕೃಷ್ಣಾ ನದಿಯ ಹಿಪ್ಪರಗಿ ಬ್ಯಾರೇಜ್ ಎನ್ನುವಾಗ ನಾವು ಆ ಪದವನ್ನೇ ಆಡುತ್ತಿದ್ದೇವೆ.

ಹಾಗಾದರೆ ಕಾಲೇಜ್, ಕ್ಯಾಬೇಜ್, ಸಾಸೇಜ್?

ಮೂರೂ ಅಲ್ಲ. ಕಾಲೇಜಿನ ಮೂಲ ಲ್ಯಾಟಿನ್ನಿನ ‘ಕೊಲ್ಲೇಗಿಯುಮ್’. ಕ್ಯಾಬೇಜ್ ಉತ್ತರ ಫ್ರಾನ್ಸಿನ ‘ಕಾಬೊಶ್’ (ತಲೆ) ಎಂಬ ಪದದಿಂದ ಬಂದದ್ದು. ಸಾಸೇಜ್ ಲ್ಯಾಟಿನ್ನಿನ ಉಪ್ಪುಮಾಂಸದ ಹೆಸರಾದ ‘ಸಾಲ್ಸೀಕಿಯಾ’ದಿಂದ ಬಂದದ್ದು. ಇಂಗ್ಲಿಷಿನಲ್ಲಿ ‘-ಏಜ್’ ಪದಗಳು ಎಷ್ಟು ಹೆಚ್ಚಾಗಿದ್ದವೆಂದರೆ, ಕೊನೆಯ ಎರಡೂ ಅದೇ ಅಚ್ಚಿಗೆ ಬಂದು ಬಿದ್ದವು.

‘ಗ್ಯಾರೇಜ್’ ಎನ್ನುತ್ತೇವೆ, ಆದರೆ ‘ಮಸಾಜ್’, ‘ಕೊಲಾಜ್’ ಎನ್ನುತ್ತೇವೆ. ಒಂದೇ ಪ್ರತ್ಯಯಕ್ಕೆ ಎರಡು ಉಚ್ಚಾರ ಯಾಕೆ?

ಪದ ಯಾವ ಕಾಲದಲ್ಲಿ ಗಡಿ ದಾಟಿತು ಎಂಬುದರ ಗುರುತು ಅದು. ನಾರ್ಮನ್ನರ ಕಾಲದ ಫ್ರೆಂಚಿನಲ್ಲಿ ಈ ಪ್ರತ್ಯಯದ ಕೊನೆಗೆ ನಮ್ಮ ಜಕಾರದಂಥ ಗಟ್ಟಿ ಧ್ವನಿಯೇ ಇತ್ತು. ಆಗ ಹೋದ ಪದಗಳು ಇಂಗ್ಲಿಷಿನಲ್ಲಿ ಅದನ್ನು ಉಳಿಸಿಕೊಂಡವು. 13ನೇ ಶತಮಾನದಲ್ಲಿ ಫ್ರೆಂಚರು ಅದನ್ನು ಮೆತ್ತಗೆ ಮಾಡಿಕೊಂಡರು. ಹಾಗಾಗಿ ಮಸಾಜ್, ಕ್ಯಾಮೊಫ್ಲಾಜ್, ಕೊಲಾಜ್, ಮೊಂಟಾಜ್ ಮುಂತಾದ ಇತ್ತೀಚಿನ ಎರವಲುಗಳು ಹೊಸ ಉಚ್ಚಾರದೊಂದಿಗೆ ಬಂದವು. ‘ಗ್ಯಾರೇಜ್’ 20ನೇ ಶತಮಾನದ ಆರಂಭದಲ್ಲಿ ಇಂಗ್ಲಿಷಿಗೆ ಹೊಸದಾಗಿಯೇ ಬಂದಿತಾದರೂ ಬ್ರಿಟಿಷರಲ್ಲಿ ಅನೇಕರು ಅದನ್ನು ವಿಲೇಜ್, ಮ್ಯಾರೇಜ್‌ಗಳ ಹಳೆಯ ಅಚ್ಚಿಗೆ ಹಾಕಿಕೊಂಡರು. ಕನ್ನಡದಲ್ಲಿ ನಿಂತದ್ದು ಆ ಉಚ್ಚಾರ.

## ಹುಟ್ಟು ಮತ್ತು ಬೆಳವಣಿಗೆ

ಲ್ಯಾಟಿನ್ನಿನ ‘-ಆತಿಕುಮ್’ ಎಲ್ಲಿ, ಫ್ರೆಂಚಿನ ‘-ಆಜ್’ ಎಲ್ಲಿ? ಇಷ್ಟು ಬದಲಾವಣೆ ಹೇಗೆ ಸಾಧ್ಯ?

ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಆಶ್ಚರ್ಯವೇನೂ ಉಳಿಯುವುದಿಲ್ಲ. ಸ್ವರಗಳ ನಡುವಿನ ತಕಾರ ದಕಾರವಾಯಿತು. ಕಕಾರ ಗಕಾರವಾಗಿ, ಮುಂದೆ ಕರಗಿ ಯಕಾರದಂತಾಯಿತು. ಒತ್ತು ಬೀಳದ ಸ್ವರಗಳು ಸವೆದವು. ಉಳಿದ ‘ದ್’ ಮತ್ತು ‘ಯ್’ ಒಂದಾಗಿ ‘ಜ್’ ಆಯಿತು.

ಈ ಕೊನೆಯ ಹೆಜ್ಜೆ ಕನ್ನಡ ಓದಿದವರಿಗೆ ಹೊಸದಲ್ಲ. ಶಾಲೆಯಲ್ಲಿ ಕಲಿತ ತತ್ಸಮ-ತದ್ಭವಗಳ ಪಟ್ಟಿಯನ್ನು ನೆನೆದುಕೊಳ್ಳಿ: ವಿದ್ಯಾ – ಬಿಜ್ಜೆ, ಉದ್ಯೋಗ – ಉಜ್ಜುಗ, ಸಂಧ್ಯಾ – ಸಂಜೆ. ದಕಾರಕ್ಕೆ ಯಕಾರ ತಗುಲಿದರೆ ಜಕಾರವಾಗುವುದು ಪ್ರಾಕೃತದಲ್ಲೂ ನಡೆಯಿತು, ದೂರದ ಗಾಲ್ ನಾಡಿನಲ್ಲೂ, ಅಂದರೆ ಇಂದಿನ ಫ್ರಾನ್ಸಿನಲ್ಲೂ ನಡೆಯಿತು.

ಫ್ರೆಂಚಿನಲ್ಲೂ ತತ್ಸಮ-ತದ್ಭವ ಜೋಡಿಗಳಿವೆ. ಲ್ಯಾಟಿನ್ನಿನ ‘ವಿಯಾತಿಕುಮ್’ ಎಂದರೆ ದಾರಿಗೆ ಬೇಕಾದ ಬುತ್ತಿ, ಖರ್ಚು. ಜನರ ಬಾಯಲ್ಲಿ ಸವೆದು ಅದು ‘ವಾಯಾಜ್’ ಆಯಿತು, ಅರ್ಥವೂ ಬುತ್ತಿಯಿಂದ ಪ್ರಯಾಣಕ್ಕೆ ಸರಿಯಿತು. ಅದೇ ಪದವನ್ನು ಪಂಡಿತರು ಪುಸ್ತಕದಿಂದ ನೇರವಾಗಿ ಎತ್ತಿಕೊಂಡದ್ದು ‘ವಿಯಾತಿಕ್’. ಅದು ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಕ್ಯಾಥೊಲಿಕ್ ಚರ್ಚಿನಲ್ಲಿ ಸಾಯುವವರಿಗೆ ಕೊಡುವ ಕೊನೆಯ ಪ್ರಸಾದದ ಹೆಸರೂ ಅದೇ.

ತೆರಿಗೆಗೂ ಈ ಪ್ರತ್ಯಯಕ್ಕೂ ಸಂಬಂಧವಿದೆ ಎಂದು ಕೇಳಿದ್ದೇನೆ. ನಿಜವೇ?

ನಿಜ. ಇದರ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಇದೇ. ಲ್ಯಾಟಿನ್ನಿನಲ್ಲಿ ಇದು ಮೊದಲು ಗುಣವಾಚಕಗಳನ್ನು ಕಟ್ಟುತ್ತಿತ್ತು: ‘ಸಿಲ್ವಾ’ (ಕಾಡು) – ‘ಸಿಲ್ವಾತಿಕುಸ್’ (ಕಾಡಿನ). ಫ್ರೆಂಚಿನ ‘ಸೋವಾಜ್’ (ಕಾಡು, ಪಳಗದ) ಅದರ ಉಳಿಕೆ. ‘ಇದಕ್ಕೆ ಸಂಬಂಧಿಸಿದ್ದು’ ಎಂಬ ಅರ್ಥ ‘ಇದಕ್ಕೆ ಸಂಬಂಧಿಸಿ ಕೊಡಬೇಕಾದದ್ದು’ ಎಂಬುದಕ್ಕೆ ಸುಲಭವಾಗಿ ಜಾರಿತು.

ಮಧ್ಯಯುಗದ ಮೊದಲ ಭಾಗದಲ್ಲಿ ಫ್ರಾನ್ಸನ್ನು ಆಳಿದ ಮೆರೊವಿಂಜಿಯನ್ ಮತ್ತು ಕ್ಯಾರೊಲಿಂಜಿಯನ್ ಅರಸರ ಕಾಲದ ಲ್ಯಾಟಿನ್ ಶಾಸನಪತ್ರಗಳಲ್ಲಿ ಸುಂಕಗಳ ಸಾಲು ಸಾಲೇ ಸಿಗುತ್ತದೆ. ಸೇತುವೆ ದಾಟಲು ‘ಪೊಂತಾತಿಕುಮ್’. ಗಾಡಿಯ ಚಕ್ರಕ್ಕೆ ‘ರೊತಾತಿಕುಮ್’. ದೋಣಿ ದಡಕ್ಕೆ ಕಟ್ಟಲು ‘ರಿಪಾತಿಕುಮ್’. ದನಕರುಗಳು ದಾರಿಯಲ್ಲಿ ಎಬ್ಬಿಸುವ ಧೂಳಿಗೂ ‘ಪುಲ್ವೆರಾತಿಕುಮ್’ ಎಂಬ ಸುಂಕ! ಮಧ್ಯಯುಗದ ಫ್ರೆಂಚಿನಲ್ಲಿ ಈ ಪರಂಪರೆ ಮುಂದುವರಿಯಿತು. ಪ್ರತಿ ಒಲೆಗೆ, ಅಂದರೆ ಪ್ರತಿ ಮನೆಗೆ ಹಾಕುತ್ತಿದ್ದ ತೆರಿಗೆ ‘ಫುಆಜ್’. ಗೇಣಿ ಹಣ ‘ಫೆರ್ಮಾಜ್’. ಇಂದಿಗೂ ಫ್ರಾನ್ಸಿನ ಹೆದ್ದಾರಿಗಳಲ್ಲಿ ಟೋಲ್ ಗೇಟಿನ ಮೇಲೆ ಕಾಣುವ ‘ಪೆಆಜ್’ ಲ್ಯಾಟಿನ್ನಿನ ‘ಪಾದ’ ಎಂಬರ್ಥದ ಪದದಿಂದ ಬಂದದ್ದು: ನೆಲದ ಮೇಲೆ ಹೆಜ್ಜೆಯಿಟ್ಟದ್ದಕ್ಕೆ ಕೊಡಬೇಕಾದ ಕಾಸು.

ಊಳಿಗಮಾನ್ಯ ಸಮಾಜದ ಸಂಬಂಧಗಳಿಗೂ ಇದೇ ಪ್ರತ್ಯಯ ಹತ್ತಿತು. ಒಡೆಯನೆದುರು ‘ನಾನು ನಿನ್ನ ಮನುಷ್ಯ’ ಎಂದು ಒಪ್ಪಿಕೊಳ್ಳುವುದು ‘ಒಮಾಜ್’ (ಓಂ ಎಂದರೆ ಮನುಷ್ಯ). ಜೀತ ‘ಸೆರ್ವಾಜ್’, ಗುಲಾಮಗಿರಿ ‘ಎಸ್ಕ್ಲವಾಜ್’. ಒತ್ತೆಯಾಳು ಎಂಬರ್ಥದ ‘ಒತಾಜ್’ ಕೂಡ ‘ಅತಿಥಿ’ ಎಂಬರ್ಥದ ‘ಓತ್’ನಿಂದ ಹುಟ್ಟಿತು, ಒಪ್ಪಂದಕ್ಕೆ ಭದ್ರತೆಯಾಗಿ ಎದುರಾಳಿಯ ಮನೆಯಲ್ಲಿ ತಂಗುವವನು ಎಂದು ಅದರ ಭಾವ.

‘ಫ್ರೊಮಾಜ್’ನಲ್ಲೂ ಈ ಪ್ರತ್ಯಯವೇ? ಗಿಣ್ಣಿಗೂ ಅದಕ್ಕೂ ಏನು ಸಂಬಂಧ?

ಲ್ಯಾಟಿನ್ನಿನಲ್ಲಿ ಗಿಣ್ಣಿಗೆ ‘ಕಾಸೆಯುಸ್’ ಎಂಬ ಪದವಿತ್ತು. ಅಚ್ಚಿನಲ್ಲಿ ಹಾಕಿದ ಗಿಣ್ಣಿಗೆ ‘ಕಾಸೆಯುಸ್ ಫೊರ್ಮಾತಿಕುಸ್’ ಎಂದರು, ಕಾಲಕ್ರಮೇಣ ಮೊದಲ ಪದ ಬಿಟ್ಟುಹೋಯಿತು. 8ನೇ ಶತಮಾನದ ರೈಖೆನೌ ಪದಾರ್ಥಕೋಶ ಹಳೆಯ ಲ್ಯಾಟಿನ್ ಪದಗಳಿಗೆ ಆಗಿನ ಜನರಿಗೆ ತಿಳಿಯುವ ಪದಗಳನ್ನು ಕೊಡುತ್ತದೆ. ಅಲ್ಲಿ ‘ಕಾಸೆಯುಸ್’ಗೆ ‘ಫೊರ್ಮಾತಿಕುಮ್’ ಎಂದೇ ಅರ್ಥ ಬರೆದಿದೆ. ಮೊದಲು ‘ಫೊರ್ಮಾಜ್’ ಆಗಿದ್ದದ್ದು ರೇಫ ಸ್ಥಳ ಬದಲಿಸಿ ‘ಫ್ರೊಮಾಜ್’ ಆಯಿತು. ಇಟಾಲಿಯನ್ನಿನ ‘ಫೊರ್ಮಾಜ್ಜೊ’ದಲ್ಲಿ ಹಳೆಯ ಕ್ರಮ ಇನ್ನೂ ಇದೆ.

ಮುಖಕ್ಕೆ ‘ವಿಝಾಜ್’, ಧೈರ್ಯಕ್ಕೆ ‘ಕುರಾಜ್’ ಎನ್ನುತ್ತಾರೆ. ಇವುಗಳಲ್ಲಿ ತೆರಿಗೆಯೂ ಇಲ್ಲ, ಸಮೂಹವೂ ಇಲ್ಲವಲ್ಲ?

ಧ್ವನಿಗಳು ಸವೆದು ಹಳೆಯ ಫ್ರೆಂಚಿನ ಎಷ್ಟೋ ಪದಗಳು ತೀರ ಗಿಡ್ಡವಾಗಿದ್ದವು. ಮುಖಕ್ಕೆ ಬರೀ ‘ವಿಸ್’, ಹಾನಿಗೆ ‘ದಾಂ’, ದೂತನಿಗೆ ‘ಮೆಸ್’, ತಂಗಾಳಿಗೆ ‘ಓರ್’. ಪ್ರತ್ಯಯ ಇವಕ್ಕೆ ಮೈ ಕೊಟ್ಟಿತು: ವಿಝಾಜ್, ದೊಮಾಜ್, ಮೆಸಾಜ್, ಒರಾಜ್. ಕೊನೆಯದರ ಅರ್ಥ ತಂಗಾಳಿಯಿಂದ ಬಿರುಗಾಳಿಗೆ ಏರಿಬಿಟ್ಟಿದೆ. ಹೃದಯ ಎಂಬ ಪದಕ್ಕೆ ಸೇರಿ ಕುರಾಜ್ ಬಂತು. ಗಿಡ್ಡ ‘ವಿಸ್’ ಇಂದು ‘ವಿಝಾವಿ’ ಎಂಬ ನುಡಿಗಟ್ಟಿನಲ್ಲಿ ಮಾತ್ರ ಬದುಕಿದೆ: ಮುಖಕ್ಕೆ ಮುಖ.

ಸ್ಪ್ಯಾನಿಷ್, ಇಟಾಲಿಯನ್ನಿನಲ್ಲೂ ಇದೇ ಪ್ರತ್ಯಯವಿದೆ. ಅವೂ ಲ್ಯಾಟಿನ್ನಿನಿಂದ ನೇರವಾಗಿ ಪಡೆದವೇ?

ಬಹುಪಾಲು ಇಲ್ಲ, ಫ್ರೆಂಚ್ ಮತ್ತು ಅದರ ದಕ್ಷಿಣದ ನೆರೆಭಾಷೆಗಳಿಂದ ಪಡೆದವು. ಸ್ಪ್ಯಾನಿಷ್ ತಾನೇ ಲ್ಯಾಟಿನ್ನಿನಿಂದ ಬೆಳೆಸಿಕೊಂಡ ರೂಪ ‘-ಅಸ್ಗೊ’. ದಾರಿಸುಂಕಕ್ಕೆ ಅಲ್ಲಿ ‘ಪೊರ್ತಸ್ಗೊ’ ಎಂಬ ಹಳೆಯ ಮನೆಪದವೂ ಇದೆ, ‘ಪೆಆಹೆ’ ಎಂಬ ಎರವಲೂ ಇದೆ. ಎರಡೂ ಅದೇ ಲ್ಯಾಟಿನ್ ಪ್ರತ್ಯಯದ ಸಂತಾನ. ಇಟಾಲಿಯನ್ನಿನ ಸ್ವಂತ ರೂಪ ‘-ಆತಿಕೊ’, ಎರವಲು ರೂಪ ‘-ಆಜ್ಜೊ’. ಲಿಂಗದಲ್ಲಿ ಎಚ್ಚರ ಬೇಕು. ಪೋರ್ಚುಗೀಸಿನಲ್ಲಿ ಪ್ರಯಾಣ ‘ವಿಯಾಜೆಂ’ ಸ್ತ್ರೀಲಿಂಗ. ಜರ್ಮನ್ನಿಗೆ ಹೋದ ಗರಾಜ್ ಕೂಡ ಅಲ್ಲಿ ಸ್ತ್ರೀಲಿಂಗ.

## ಬಳಕೆಯ ಸೂಕ್ಷ್ಮಗಳು

ನಾಮಪದಕ್ಕೆ ಹತ್ತುತ್ತಿದ್ದದ್ದು ಕ್ರಿಯಾಪದಕ್ಕೆ ಹೇಗೆ ಜಿಗಿಯಿತು?

ಎರಡು ರೀತಿಯಲ್ಲಿ ಬಿಡಿಸಬಹುದಾದ ಪದಗಳು ಸೇತುವೆಯಾದವು. ‘ಪಾಸಾಜ್’ (ದಾಟುವಿಕೆ, ದಾರಿ) ಎಂಬುದನ್ನು ‘ಪಾ’ (ಹೆಜ್ಜೆ) ಎಂಬ ನಾಮಪದದಿಂದಲೂ ಬಿಡಿಸಬಹುದು, ‘ಪಾಸೇ’ (ದಾಟು) ಎಂಬ ಕ್ರಿಯಾಪದದಿಂದಲೂ ಬಿಡಿಸಬಹುದು. ‘ಪಾತ್ಯುರಾಜ್’ (ಮೇಯುವಿಕೆ, ಮೇವಿನ ನೆಲ) ಕೂಡ ಹೀಗೆಯೇ. ಕೇಳುವವರು ಕ್ರಿಯಾಪದದ ಕಡೆ ವಾಲಿದಂತೆ, ನಾಮಪದವೇ ಇಲ್ಲದ ಕಡೆಯೂ ಕ್ರಿಯಾಪದದಿಂದ ನೇರವಾಗಿ ಹೊಸ ಪದ ಕಟ್ಟುವುದು ರೂಢಿಯಾಯಿತು. ಇಂದು ಹುಟ್ಟುವ ‘-ಆಜ್’ ಪದಗಳಲ್ಲಿ ಹೆಚ್ಚಿನವು ಕೃದಂತಗಳೇ.

ಕ್ರಿಯಾಪದದಿಂದ ನಾನೇ ಕಟ್ಟುವುದಾದರೆ ನಿಯಮವೇನು?

‘-ಏ’ ಉಚ್ಚಾರದಲ್ಲಿ ಮುಗಿಯುವ ಮೊದಲ ಗುಂಪಿನ ಕ್ರಿಯಾಪದಗಳಲ್ಲಿ ಕೊನೆ ತೆಗೆದು ‘-ಆಜ್’ ಹಚ್ಚಿ: ‘ಬಲೆಯೇ’ (ಗುಡಿಸು) – ‘ಬಲೆಯಾಜ್’ (ಗುಡಿಸುವಿಕೆ). ಬೆಂಗಳೂರಿನ ಸಲೂನುಗಳ ದರಪಟ್ಟಿಯಲ್ಲಿ ಕೂದಲಿಗೆ ಬಣ್ಣ ಹಚ್ಚುವ ‘ಬಲಯಾಜ್’ ಇದೇ ಪದ. ಕುಂಚವನ್ನು ಪೊರಕೆಯ ಹಾಗೆ ಆಡಿಸುವುದರಿಂದ ಆ ಹೆಸರು. ‘-ಇರ್’ ಗುಂಪಿನಲ್ಲಿ ನಡುವೆ ‘ಇಸ್’ ಬರುತ್ತದೆ: ‘ಅತೆರಿರ್’ (ನೆಲಕ್ಕಿಳಿ) – ‘ಅತೆರಿಸಾಜ್’. ಚಂದ್ರನ ಮೇಲೆ ಇಳಿಯುವುದಕ್ಕೆ ‘ಅಲ್ಯುನಿಸಾಜ್’ ಎಂಬ ಪದವಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಮಾಡಿದ್ದು ಅದನ್ನೇ.

ಎಲ್ಲ ಕ್ರಿಯಾಪದಗಳಿಗೂ ಹಚ್ಚಲು ಬಾರದು. ‘ಪ್ರೀತಿಸು’, ‘ತಿನ್ನು’ ಎಂಬರ್ಥದ ಕ್ರಿಯಾಪದಗಳಿಗೆ ‘-ಆಜ್’ ರೂಪಗಳಿಲ್ಲ. ‘-ಇಝೇ’, ‘-ಇಫಿಯೇ’ ಎಂದು ಮುಗಿಯುವವು ಸಾಮಾನ್ಯವಾಗಿ ‘-ಸಿಯೋಂ’ ಪ್ರತ್ಯಯವನ್ನೇ ಬಯಸುತ್ತವೆ. ಹೊಸದೊಂದನ್ನು ಬರೆಯುವ ಮೊದಲು ನಿಘಂಟು ತೆರೆದು ನೋಡುವುದು ಒಳ್ಳೆಯದು.

‘-ಆಜ್’ಗೂ ‘-ಮಾಂ’ಗೂ ವ್ಯತ್ಯಾಸವೇನು? ಎರಡೂ ಕ್ರಿಯೆಯನ್ನೇ ಹೇಳುತ್ತವಲ್ಲ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಕಲಿಯುವವರನ್ನು ನಿಜವಾಗಿ ಕಾಡುವುದೂ ಇದೇ. ಒಂದೇ ಧಾತುವಿಗೆ ಎರಡೂ ಹತ್ತಿರುವ ಕಡೆ ನೋಡಿದರೆ ಸ್ವಭಾವ ತಿಳಿಯುತ್ತದೆ.

‘ರಫಿನಾಜ್’ ಎಂದರೆ ಕಚ್ಚಾತೈಲವನ್ನೋ ಸಕ್ಕರೆಯನ್ನೋ ಶುದ್ಧೀಕರಿಸುವುದು. ‘ರಫಿನ್‌ಮಾಂ’ ಎಂದರೆ ನಡೆನುಡಿಯ ನಾಜೂಕು. ವಿಮಾನ ನೆಲ ಬಿಟ್ಟು ಏರುವುದು ‘ದೆಕೊಲಾಜ್’. ಕಣ್ಣಿನ ಅಕ್ಷಿಪಟ ಕಳಚಿಕೊಳ್ಳುವುದು ‘ದೆಕೊಲ್‌ಮಾಂ’. ಸಿನಿಮಾ ಡಬ್ಬಿಂಗ್ ‘ದುಬ್ಲಾಜ್’. ಸಂಖ್ಯೆ ಇಮ್ಮಡಿಯಾಗುವುದು ‘ದುಬ್ಲ್‌ಮಾಂ’. ಬಟ್ಟೆ ಒಗೆಯುವ ಕಸುಬು ‘ಬ್ಲಾಂಶಿಸಾಜ್’. ಕಪ್ಪುಹಣವನ್ನು ಬಿಳಿ ಮಾಡುವುದು ‘ಬ್ಲಾಂಶಿಮಾಂ’. ಮರ ಕಡಿಯುವುದು, ದನ ಕಡಿಯುವುದು ‘ಅಬತಾಜ್’. ಮನುಷ್ಯನ ಕುಸಿದ ಮನಸ್ಸು ‘ಅಬತ್‌ಮಾಂ’, ತೆರಿಗೆಯಲ್ಲಿ ಸಿಗುವ ಕಡಿತಕ್ಕೂ ಅದೇ ಹೆಸರು.

ಒಬ್ಬ ಮನುಷ್ಯ ಸಲಕರಣೆ ಹಿಡಿದು ಒಂದು ವಸ್ತುವಿನ ಮೇಲೆ ಮಾಡುವ, ಹೊತ್ತು ಹಿಡಿಯುವ, ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ‘-ಆಜ್’ ಒಗ್ಗುತ್ತದೆ. ತಾನಾಗಿ ಆಗುವುದು, ಮನಸ್ಸಿನ ಸ್ಥಿತಿ, ಅಮೂರ್ತ ಫಲಿತಾಂಶ ಇವು ‘-ಮಾಂ’ ಕಡೆಗೆ ಹೋಗುತ್ತವೆ. ನಾಯಿ ಬೊಗಳುವುದು, ಬೆಕ್ಕು ಮಿಯಾಂವ್ ಎನ್ನುವುದು, ಕುದುರೆ ಕೆನೆಯುವುದು ಎಲ್ಲವೂ ಫ್ರೆಂಚಿನಲ್ಲಿ ‘-ಮಾಂ’ನಿಂದಲೇ ಮುಗಿಯುತ್ತವೆ. ಇದು ಒಲವೇ ಹೊರತು ಕಟ್ಟುನಿಟ್ಟಿನ ಕಾನೂನಲ್ಲ. ಆದರೂ ಒಂದು ಜೋಡಿಯನ್ನು ಮಾತ್ರ ತಪ್ಪಿಸಬೇಡಿ. ಕಾರು ತೊಳೆಯುವುದು ‘ಲವಾಜ್’. ‘ಲವ್‌ಮಾಂ’ ಎಂದರೆ ಆಸ್ಪತ್ರೆಯಲ್ಲಿ ಕೊಡುವ ಎನಿಮಾ.

‘ಗರಾಜ್’ ಸ್ಥಳವಲ್ಲವೇ? ಕೆಲಸದ ಹೆಸರು ಹೇಗಾಗುತ್ತದೆ?

ಕೆಲಸದ ಹೆಸರು ಅದು ನಡೆಯುವ ಜಾಗಕ್ಕೆ ಅಂಟಿಕೊಂಡಿತು. ‘ಗರೇ’ ಎಂದರೆ ಬದಿಗೆ ಸರಿಸಿ ನಿಲ್ಲಿಸು. ‘ಗರಾಜ್’ ಮೊದಲು ದೋಣಿಗಳನ್ನು, ಆಮೇಲೆ ರೈಲುಗಳನ್ನು ಬದಿಗೆ ನಿಲ್ಲಿಸುವ ಕ್ರಿಯೆಯಾಗಿತ್ತು. ರೈಲ್ವೆಯ ಬದಿಹಳಿಯನ್ನು ಈಗಲೂ ‘ಗರಾಜ್ ದಾರಿ’ ಎನ್ನುತ್ತಾರೆ. ಮೋಟಾರು ಬಂದ ಮೇಲೆ ಕಟ್ಟಡಕ್ಕೆ ಆ ಹೆಸರಾಯಿತು. ‘ಶೋಫಾಜ್’ (ಬಿಸಿ ಮಾಡುವುದು) ಮನೆಯ ಹೀಟರ್ ವ್ಯವಸ್ಥೆಯ ಹೆಸರಾದದ್ದೂ ಹೀಗೆ.

‘ಶೋಮಾಜ್’ ಹಾದಿ ಇನ್ನೂ ವಿಚಿತ್ರ. ಗ್ರೀಕಿನಲ್ಲಿ ‘ಕೌಮಾ’ ಎಂದರೆ ಸುಡುಬಿಸಿಲು. ಅದರಿಂದ ಬಂದ ಲ್ಯಾಟಿನ್ ಕ್ರಿಯಾಪದಕ್ಕೆ ಮಟಮಟ ಮಧ್ಯಾಹ್ನ ನೆರಳಲ್ಲಿ ದಣಿವಾರಿಸಿಕೊಳ್ಳುವುದು ಎಂದು ಅರ್ಥ. ಇಂದಿನ ಫ್ರೆಂಚಿನಲ್ಲಿ ‘ಶೋಮಾಜ್’ ಎಂದರೆ ನಿರುದ್ಯೋಗ.

ಕಾರ್ಮಿಕರು ಯಂತ್ರಕ್ಕೆ ಮರದ ಪಾದರಕ್ಷೆ ಎಸೆದದ್ದರಿಂದ ‘ಸಬೊತಾಜ್’ ಪದ ಬಂತಂತೆ, ಹೌದೇ?

‘ಸಬೋ’ ಎಂದರೆ ಮರದ ಪಾದರಕ್ಷೆ ಎಂಬುದು ನಿಜ. ಯಂತ್ರಕ್ಕೆ ಎಸೆದರು ಎಂಬ ಕಥೆಗೆ ಆಧಾರವಿಲ್ಲ. ‘ಸಬೊತೇ’ ಕ್ರಿಯಾಪದಕ್ಕೆ ಮೊದಲೇ ಕೆಲಸವನ್ನು ಒರಟೊರಟಾಗಿ ಕೆಡಿಸು ಎಂಬ ಅರ್ಥವಿತ್ತು. 1897ರಲ್ಲಿ ತುಲೂಸ್‌ನಲ್ಲಿ ನಡೆದ ಕಾರ್ಮಿಕ ಒಕ್ಕೂಟದ ಮಹಾಸಭೆಯಲ್ಲಿ ಕಾರ್ಮಿಕ ಹೋರಾಟಗಾರ ಎಮಿಲ್ ಪುಜೇ ಮುಂತಾದವರು ‘ಕೆಟ್ಟ ಕೂಲಿಗೆ ಕೆಟ್ಟ ಕೆಲಸ’ ಎಂಬ ಹೋರಾಟದ ತಂತ್ರವಾಗಿ ಅದನ್ನು ಮುಂದಿಟ್ಟರು. ಅಲ್ಲಿಂದ ಪದ ಜಗತ್ತಿಗೆಲ್ಲ ಹಬ್ಬಿತು.

ಈ ಪ್ರತ್ಯಯದಿಂದ ಈಗಲೂ ಹೊಸ ಪದಗಳು ಹುಟ್ಟುತ್ತಿವೆಯೇ?

ಧಾರಾಳವಾಗಿ ಹುಟ್ಟುತ್ತಿವೆ. ಇಂಗ್ಲಿಷಿನ ‘-ಇಂಗ್’ ಪದಗಳನ್ನು ತಡೆಯಲು ಫ್ರೆಂಚರ ಕೈಗೆ ಮೊದಲು ಸಿಗುವ ಸಾಧನಗಳಲ್ಲಿ ಇದೂ ಒಂದು. ಡೋಪಿಂಗ್‌ಗೆ ‘ದೊಪಾಜ್’ ಗಟ್ಟಿಯಾಗಿ ನೆಲೆನಿಂತಿದೆ. ಒಂದೇ ಕಾರಿನಲ್ಲಿ ಹಲವರು ಹಂಚಿಕೊಂಡು ಹೋಗುವುದು ‘ಕೊವಾತ್ಯುರಾಜ್’, ತ್ಯಾಜ್ಯದ ಮರುಬಳಕೆ ‘ರೆಸಿಕ್ಲಾಜ್’, ಸಿನಿಮಾ, ಹಾಡುಗಳನ್ನು ಕದ್ದು ನಕಲು ಮಾಡುವ ಪೈರಸಿ ಮತ್ತು ಹ್ಯಾಕಿಂಗ್ ಎರಡಕ್ಕೂ ‘ಪಿರಾತಾಜ್’. ನಕಲಿ ಇಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವ ಫಿಶಿಂಗ್‌ಗೆ ಗಾಳದ ಕೊಕ್ಕೆಯ ಹೆಸರಿನಿಂದ ‘ಅಮ್ಸೊನಾಜ್’ ಎಂದು ಕಟ್ಟಿದ್ದಾರೆ. ನನಗಂತೂ ಅದು ಮೂಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಈ ಹುರುಪು ಇನ್ನೂ ಹೆಚ್ಚು. ಫ್ರಾನ್ಸಿನವರು ಆರಾಮವಾಗಿ ‘ಶಾಪಿಂಗ್’ ಎನ್ನುವಾಗ ಅಲ್ಲಿಯವರು ‘ಮಗಝಿನಾಜ್’ ಎನ್ನುತ್ತಾರೆ. ಕೀಲಿಮಣೆ ಎಂಬರ್ಥದ ‘ಕ್ಲವಿಯೇ’ ಮತ್ತು ಹರಟೆ ಎಂಬರ್ಥದ ‘ಬವರ್ದಾಜ್’ ಎರಡನ್ನೂ ಬೆಸೆದು ಅಂತರ್ಜಾಲದ ಚಾಟ್‌ಗೆ ‘ಕ್ಲವರ್ದಾಜ್’ ಎಂದು ಹೆಸರಿಟ್ಟವರೂ ಅವರೇ.